ನಾಯಿಯ ಹಿಂಗಾಲು ಸೋತಾಗ: ಶಸ್ತ್ರಚಿಕಿತ್ಸೆಯಿಲ್ಲದ ಆರೈಕೆಯ ಕ್ರಮ

ಶಿಡ್ಲಘಟ್ಟದ ನಮ್ಮ ಮನೆಯ ನಡುಮನೆಗೆ ಹಳೆಯ ಕಾಲದ ಕೆಂಪು ಗಾರೆ ನೆಲವಿದೆ. ಏಳು ವರ್ಷದ ಡ್ಯಾಶ್‌ಹಂಡ್ ನಾಯಿ ಚಿನ್ನಿ ಅದರ ಮೇಲೆ ಓಡಾಡುವಾಗ ಹಿಂಗಾಲಿನ ಉಗುರು ನೆಲಕ್ಕೆ ಗೀರುವ ಸಣ್ಣ ಸದ್ದು ಮೂರು ನಾಲ್ಕು ದಿನಗಳಿಂದ ಕೇಳಿಸುತ್ತಿತ್ತು. ಉಗುರು ಬೆಳೆದಿರಬೇಕೆಂದುಕೊಂಡು ನಾನು ಸುಮ್ಮನಿದ್ದೆ. ಐದನೆಯ ದಿನ ಬೆಳಿಗ್ಗೆ ಅವಳು ಎದ್ದು ನಿಂತಾಗ ಬೆನ್ನು ಗೂನಾಗಿತ್ತು, ಸೊಂಟ ಅತ್ತಿತ್ತ ತೂಗುತ್ತಿತ್ತು, ಬಲ ಹಿಂಗಾಲಿನ ಪಾದ ಮಡಚಿಕೊಂಡು ಅದರ ಮೇಲ್ಭಾಗವೇ ನೆಲಕ್ಕೆ ಊರಿತ್ತು. ಬೆಂಗಳೂರಿನಲ್ಲಿ ಪರೀಕ್ಷೆ ಮಾಡಿಸಿದಾಗ ಬೆನ್ನೆಲುಬಿನ ಮೂಳೆಗಳ ನಡುವೆ ಮೆತ್ತೆಯಂತಿರುವ ಡಿಸ್ಕ್ ಜಾರಿ ಬೆನ್ನುಹುರಿಯನ್ನು ಒತ್ತುತ್ತಿದೆ ಎಂದು ತಿಳಿಯಿತು. ತೂರಾಡಿಕೊಂಡಾದರೂ ನಡೆಯುವ ಶಕ್ತಿ ಉಳಿದಿದ್ದುದರಿಂದ ವೈದ್ಯರು ಮೊದಲು ಶಸ್ತ್ರಚಿಕಿತ್ಸೆಯಿಲ್ಲದ ದಾರಿಯಲ್ಲೇ ಹೋಗೋಣವೆಂದರು.

ಮುಂದಿನ ನಾಲ್ಕು ತಿಂಗಳಲ್ಲಿ ನಾವು ವೈದ್ಯರ ಎದುರು ಕಳೆದದ್ದು ಒಟ್ಟು ಕೆಲವು ಗಂಟೆಗಳು ಮಾತ್ರ. ಉಳಿದ ಚಿಕಿತ್ಸೆಯೆಲ್ಲ ನಡೆದದ್ದು ಮನೆಯ ನೆಲದ ಮೇಲೆ, ಮನೆಯವರ ಕೈಯಿಂದ, ದಿನಕ್ಕೆ ಮೂರು ಹೊತ್ತು. ಚಿಂತಾಮಣಿ, ಬಾಗೇಪಲ್ಲಿ, ಗೌರಿಬಿದನೂರಿನಂಥ ಊರುಗಳಲ್ಲಿ ನಾಯಿಗಳ ಫಿಸಿಯೋಥೆರಪಿ ಕೇಂದ್ರವನ್ನು ಹುಡುಕುತ್ತಾ ಕೂರುವುದಕ್ಕಿಂತ, ಒಮ್ಮೆ ಸರಿಯಾಗಿ ರೋಗ ಪತ್ತೆ ಮಾಡಿಸಿ, ಮಿಕ್ಕದ್ದನ್ನು ಮನೆಯಲ್ಲೇ ಶಿಸ್ತಿನಿಂದ ಮಾಡಲು ಕಲಿಯುವುದು ನಾಯಿಗೆ ಹೆಚ್ಚು ಉಪಕಾರಿ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮೊದಲು ಕಾರಣ ತಿಳಿಯಬೇಕು

'ನಾಯಿಗೆ ಲಕ್ವ ಹೊಡೆದಿದೆ' ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಆದರೆ ಹಿಂಗಾಲು ಸೋಲಲು ಕಾರಣಗಳು ಹಲವು, ಒಂದರ ಆರೈಕೆ ಇನ್ನೊಂದಕ್ಕೆ ಹಾನಿಯಾಗಬಹುದು. ಲ್ಯಾಬ್ರಡಾರ್ ಮತ್ತು ಜರ್ಮನ್ ಶೆಫರ್ಡ್ ನಾಯಿಗಳಲ್ಲಿ ಸೊಂಟದ ಕೀಲು ಬೆಳೆಯುವ ವಯಸ್ಸಿನಲ್ಲಿ ಸರಿಯಾಗಿ ಕೂಡಿಕೊಳ್ಳದಿರುವುದು ಸಾಮಾನ್ಯ, ಅದು ಮುಂದೆ ಸಂಧಿವಾತಕ್ಕೆ ತಿರುಗುತ್ತದೆ. ಡ್ಯಾಶ್‌ಹಂಡ್‌ನಂಥ ಗಿಡ್ಡ ಕಾಲಿನ ಜಾತಿಗಳಲ್ಲಿ ಡಿಸ್ಕ್ ತೊಂದರೆ ಹೆಚ್ಚು. ಓಡುವಾಗ ತಟ್ಟನೆ ಒಂದು ಹಿಂಗಾಲನ್ನು ಎತ್ತಿ ಹಿಡಿದುಕೊಂಡರೆ ಮಂಡಿಯೊಳಗೆ ಮೂಳೆಗಳನ್ನು ಬಿಗಿದಿಡುವ ನಾರು, ಅಂದರೆ ಅಸ್ಥಿರಜ್ಜು, ಹರಿದಿರಬಹುದು. ನಮ್ಮ ಕಡೆ ಉಣ್ಣೆ ಕಚ್ಚುವುದರಿಂದ ಬರುವ ಜ್ವರವೂ ಕೀಲುಗಳನ್ನು ಊದಿಸಿ ನಾಯಿಯನ್ನು ಕುಂಟಿಸುತ್ತದೆ. ರಕ್ತ ಪರೀಕ್ಷೆಯಿಂದ ಅದು ಗೊತ್ತಾದರೆ ಸಾಮಾನ್ಯವಾಗಿ 28 ದಿನ ಡಾಕ್ಸಿಸೈಕ್ಲಿನ್ ಎಂಬ ಆ್ಯಂಟಿಬಯಾಟಿಕ್ ಕೊಡುತ್ತಾರೆ, ಅಲ್ಲಿ ವ್ಯಾಯಾಮದಿಂದ ಏನೂ ಆಗುವುದಿಲ್ಲ. ಡಿಸ್ಟೆಂಪರ್ ಎಂಬ ವೈರಸ್ ರೋಗದಿಂದ ಬದುಕುಳಿದ ನಾಯಿಗಳಲ್ಲಿ ಕಾಲು ಅದುರುವುದು, ಬಲ ಕುಂದುವುದು ಉಳಿದುಕೊಳ್ಳಬಹುದು. ಬರೀ ಹಾಲು ಅನ್ನ ತಿಂದು ಬೆಳೆದ ಮರಿಗಳ ಕಾಲು ಸೊಟ್ಟಗಾಗುವುದಕ್ಕೆ ಸುಣ್ಣದಂಶದ ಕೊರತೆ ಕಾರಣವಾಗಿರಬಹುದು. ಹಾಗೆಂದು ದೊಡ್ಡ ಜಾತಿಯ ಮರಿಗಳಿಗೆ ವೈದ್ಯರನ್ನು ಕೇಳದೆ ಕ್ಯಾಲ್ಸಿಯಂ ಸುರಿಯುವುದೂ ಮೂಳೆಗೆ ಕೆಡುಕೇ.

ಒಂದು ಎಚ್ಚರಿಕೆಯನ್ನು ಎಲ್ಲಕ್ಕಿಂತ ಮೊದಲು ಹೇಳಬೇಕು. ರೇಬೀಸ್ ಯಾವಾಗಲೂ ಕಚ್ಚಲು ಬರುವ ಹುಚ್ಚಾಗಿಯೇ ಕಾಣಿಸಿಕೊಳ್ಳುವುದಿಲ್ಲ. ಕೈಕಾಲು ಸೋತು ಮೂಲೆ ಸೇರುವ ರೂಪವೂ ಅದಕ್ಕಿದೆ. ಲಸಿಕೆ ಹಾಕಿಸದ ಅಥವಾ ಬೀದಿಯಲ್ಲಿ ಸಿಕ್ಕ ನಾಯಿಯ ಕಾಲು ಸೋತಿದ್ದು, ಜೊತೆಗೆ ಕೆಳದವಡೆ ಜೋತು ಬಿದ್ದು ಜೊಲ್ಲು ಸುರಿಯುತ್ತಿದ್ದರೆ, ನುಂಗಲು ಆಗದಿದ್ದರೆ, ಸ್ವರ ಬದಲಾಗಿದ್ದರೆ, ಅದರ ಬಾಯಿಗೆ ಕೈ ಹಾಕಬಾರದು. 'ಗಂಟಲಲ್ಲಿ ಮೂಳೆ ಸಿಕ್ಕಿಕೊಂಡಿದೆ' ಎಂದು ಬಗೆದು ಹಾಗೆ ಕೈ ಹಾಕುವುದು ಬಹಳ ಅಪಾಯಕರ. ಕಚ್ಚಿದರೆ ಅಥವಾ ಜೊಲ್ಲು ಗಾಯಕ್ಕೆ ತಗುಲಿದರೆ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಬೇಕು.

ಮನೆಯಲ್ಲೇ ನೀವು ನೋಡಬಹುದಾದ ಎರಡು ಸಂಗತಿಗಳಿವೆ. ನಾಯಿಯನ್ನು ಹೊಟ್ಟೆಯ ಕೆಳಗೆ ಕೈ ಕೊಟ್ಟು ನಿಲ್ಲಿಸಿ, ಹಿಂಗಾಲಿನ ಪಾದವನ್ನು ಮೆಲ್ಲಗೆ ಮಡಚಿ ಅದರ ಮೇಲ್ಭಾಗ ನೆಲಕ್ಕೆ ತಾಗುವಂತೆ ಇಡಿ. ಆರೋಗ್ಯವಂತ ನಾಯಿ ತಕ್ಷಣ ಪಾದವನ್ನು ನೇರ ಮಾಡಿಕೊಳ್ಳುತ್ತದೆ; ತಡವಾದರೆ ಅಥವಾ ಹಾಗೆಯೇ ಬಿಟ್ಟರೆ ತೊಂದರೆ ನರದ್ದು ಎಂಬ ಅನುಮಾನ ಬಲವಾಗುತ್ತದೆ. ಎರಡನೆಯದಾಗಿ, ಹಿಂಗಾಲಿನ ನಡುವಿನ ಎರಡು ಉಗುರುಗಳನ್ನು ನೋಡಿ. ಚಿನ್ನಿಯ ಬಲಗಾಲಿನ ಆ ಎರಡು ಉಗುರುಗಳು ಮೇಲಿನಿಂದ ಅರದಿಂದ ಉಜ್ಜಿದಂತೆ ಓರೆಯಾಗಿ ಸವೆದಿದ್ದವು. ನಾನು ಆ ಸದ್ದನ್ನು ಕೇಳಿದ ದಿನವೇ ಬಗ್ಗಿ ನೋಡಿದ್ದರೆ ನಾಲ್ಕು ದಿನ ಉಳಿಯುತ್ತಿತ್ತು.

ಕೆಲವು ಸಂದರ್ಭಗಳಲ್ಲಿ ಮನೆಯ ಆರೈಕೆಯ ಮಾತೇ ಬರುವುದಿಲ್ಲ. ಕೆಲವೇ ಗಂಟೆಗಳಲ್ಲಿ ಹಿಂಗಾಲು ಪೂರ್ತಿ ಬಿದ್ದುಹೋದರೆ, ಬೆರಳನ್ನು ಗಟ್ಟಿಯಾಗಿ ಚಿವುಟಿದರೂ ನಾಯಿ ತಿರುಗಿ ನೋಡದಿದ್ದರೆ, ಮೂತ್ರ ಕಟ್ಟಿಕೊಂಡರೆ, ಅಥವಾ ವಾಹನ ಬಡಿದಿದ್ದರೆ ಅಂದೇ ಹೊರಡಬೇಕು. ಚಿವುಟಿದಾಗ ಕಾಲನ್ನು ಎಳೆದುಕೊಳ್ಳುವುದು ಮಾತ್ರ ಸಾಲದು, ಅದು ಮಿದುಳಿಗೆ ತಿಳಿಯದೆಯೇ ಆಗುವ ಬೆನ್ನುಹುರಿಯ ಪ್ರತಿವರ್ತನೆ ಇರಬಹುದು. ನಾಯಿಗೆ ನೋವು ತಿಳಿಯಿತೇ, ಕಿರುಚಿತೇ, ತಲೆ ತಿರುಗಿಸಿತೇ ಎಂಬುದೇ ಮುಖ್ಯ. ಆ ಅರಿವು ಹೋದ ಮೇಲೆ ತಡಮಾಡಿದರೆ ಶಸ್ತ್ರಚಿಕಿತ್ಸೆಯ ಫಲ ಕಡಿಮೆಯಾಗಬಹುದು. ಚಿಕ್ಕಬಳ್ಳಾಪುರದಿಂದ ಹೆದ್ದಾರಿ ನೇರವಾಗಿ ಹೆಬ್ಬಾಳಕ್ಕೇ ಹೋಗುತ್ತದೆ, ಅಲ್ಲಿ ಸರ್ಕಾರದ ಪಶುವೈದ್ಯಕೀಯ ಕಾಲೇಜಿದೆ. ನಾಯಿಯನ್ನು ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ಹೋಗಬೇಡಿ. ಅಗಲವಾದ ಹಲಗೆಯ ಮೇಲೆ ಮಲಗಿಸಿ, ಭುಜ ಮತ್ತು ಸೊಂಟದ ಬಳಿ ಬಟ್ಟೆಯಿಂದ ಕಟ್ಟಿ, ಕಾರಿನಲ್ಲೋ ಆಟೋದಲ್ಲೋ ಒಯ್ಯಿರಿ.

ನೆಲ ಸರಿಮಾಡುವುದು

ಇಷ್ಟು ಖಚಿತವಾದ ಮೇಲೆ, ಔಷಧದ ಚೀಟಿ ಹಿಡಿದು ಮನೆಗೆ ಬಂದ ದಿನ ಮಾಡಬೇಕಾದ ಮೊದಲ ಕೆಲಸ ನೆಲದ್ದು. ಕೆಂಪು ಗಾರೆ, ಗ್ರಾನೈಟ್, ಟೈಲ್ಸ್, ಈ ಮೂರೂ ಬಲಹೀನ ನಾಯಿಗೆ ಮಂಜುಗಡ್ಡೆಯಿದ್ದಂತೆ. ಕಾಲು ಜಾರಿದಾಗಲೆಲ್ಲ ಅದು ತೊಡೆಯ ಸ್ನಾಯುಗಳನ್ನು ಬಿಗಿಹಿಡಿಯುತ್ತದೆ, ಆ ಬಿಗಿತವೇ ಮರುದಿನದ ನೋವು. ಮಲಗುವ ಜಾಗ, ನೀರಿನ ಬೋಗುಣಿ ಮತ್ತು ಹೊರಬಾಗಿಲು, ಈ ಮೂರನ್ನು ಸೇರಿಸುವ ಒಂದು ದಾರಿಯನ್ನು ಹಾಸಿಕೊಟ್ಟರೆ ಸಾಕು, ಇಡೀ ಮನೆಗೆ ಹಾಸಬೇಕಿಲ್ಲ. ನಾವು ಒಗೆದ ಗೋಣಿಚೀಲಗಳನ್ನು ಹೊಲಿದು ಉದ್ದ ಮಾಡಿ, ಅಡಿಯಲ್ಲಿ ರಬ್ಬರ್ ಮ್ಯಾಟಿನ ತುಂಡುಗಳನ್ನಿಟ್ಟೆವು; ಅಡಿಯಲ್ಲಿ ಹಿಡಿತವಿಲ್ಲದಿದ್ದರೆ ಗೋಣಿಯೇ ಜಾರಿ ಇನ್ನಷ್ಟು ಅಪಾಯವಾಗುತ್ತದೆ.

ಹಳೆಯ ಮನೆಗಳ ಹೊಸಿಲು ಎತ್ತರವಿರುತ್ತದೆ. ಅದರ ಎರಡೂ ಕಡೆ ಹಲಗೆಯನ್ನು ಓರೆಯಾಗಿ ಇಟ್ಟು, ಮೇಲೆ ಗೋಣಿ ಬಡಿದು, ಇಳಿಜಾರು ಮಾಡಿಕೊಡಿ. ಮಹಡಿ ಮೆಟ್ಟಿಲು, ಸೋಫಾ, ಜಗಲಿ, ಇವುಗಳಿಗೆ ಅಡ್ಡ ಕಟ್ಟಿ. ಪಾದದ ಗದ್ದುಗೆಗಳ ನಡುವೆ ಬೆಳೆದ ಕೂದಲನ್ನು ಕತ್ತರಿಸಿ, ಉಗುರುಗಳನ್ನು ಗಿಡ್ಡವಾಗಿಡಿ. ಇದು ಸಣ್ಣ ಕೆಲಸವೆನಿಸಿದರೂ ಆ ಸಂಜೆಯೇ ನಡಿಗೆಯಲ್ಲಿ ವ್ಯತ್ಯಾಸ ಕಾಣಿಸುತ್ತದೆ.

ನೋವು, ಔಷಧ, ತೂಕ

ನೋವಿರುವ ನಾಯಿ ವ್ಯಾಯಾಮ ಮಾಡುವುದಿಲ್ಲ, ಆದ್ದರಿಂದ ನೋವು ತಗ್ಗಿಸುವುದು ಎಲ್ಲದರ ಅಡಿಪಾಯ. ಆದರೆ ಮನುಷ್ಯರ ಮಾತ್ರೆಯನ್ನು ಮುರಿದು ಕೊಡಬಾರದು. ನಾನೇ ಮೊದಲ ದಿನ, ಹತ್ತಿರದ ಔಷಧದಂಗಡಿಯಲ್ಲಿ 'ಅರ್ಧ ಹಾಕಿ, ಏನಾಗುವುದಿಲ್ಲ' ಎಂದು ಕೊಟ್ಟ ನೋವಿನ ಮಾತ್ರೆಯನ್ನು ಚಿನ್ನಿಗೆ ಹಾಕಿದೆ. ಮರುದಿನ ಅವಳ ಮಲ ಟಾರಿನಂತೆ ಕಪ್ಪಾಗಿತ್ತು: ಹೊಟ್ಟೆಯೊಳಗೆ ರಕ್ತಸ್ರಾವವಾಗಿತ್ತು. ಐಬುಪ್ರೊಫೆನ್ ಮತ್ತು ಡೈಕ್ಲೋಫೆನಾಕ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ ಮೂತ್ರಪಿಂಡವನ್ನು ಕೆಡಿಸುತ್ತವೆ, ಪ್ಯಾರಾಸಿಟಮಾಲ್ ಯಕೃತ್ತಿಗೆ ವಿಷವಾಗಬಹುದು. ನಾಯಿಗಳಿಗೆ ಮೆಲಾಕ್ಸಿಕಾಮ್, ಕಾರ್ಪ್ರೊಫೆನ್‌ನಂಥ ಔಷಧಗಳಿವೆ. ಅವುಗಳನ್ನೂ ತೂಕ ನೋಡಿ, ರಕ್ತದಲ್ಲಿ ಮೂತ್ರಪಿಂಡ ಮತ್ತು ಯಕೃತ್ತಿನ ಸ್ಥಿತಿ ನೋಡಿ, ವೈದ್ಯರೇ ನಿಗದಿ ಮಾಡಬೇಕು. ಸ್ಟೀರಾಯ್ಡ್ ಕೊಡುತ್ತಿದ್ದರೆ ಇವನ್ನು ಜೊತೆಗೆ ಕೊಡಲೇಬಾರದು. ವಾಂತಿ, ಊಟ ಬಿಡುವುದು, ಕಪ್ಪು ಮಲ, ಇವುಗಳಲ್ಲಿ ಯಾವುದು ಕಂಡರೂ ಔಷಧ ನಿಲ್ಲಿಸಿ ವೈದ್ಯರಿಗೆ ತಿಳಿಸಿ. ನಮ್ಮದು ದ್ರಾಕ್ಷಿ ಬೆಳೆಯುವ ಜಿಲ್ಲೆಯಾದ್ದರಿಂದ ಇನ್ನೊಂದು ಮಾತು: ದ್ರಾಕ್ಷಿಯೂ ಒಣದ್ರಾಕ್ಷಿಯೂ ನಾಯಿಯ ಮೂತ್ರಪಿಂಡಕ್ಕೆ ವಿಷ, ತೋಟದಲ್ಲಿ ಉದುರಿದ ಹಣ್ಣು ಅದರ ಬಾಯಿಗೆ ಸಿಗದಂತೆ ನೋಡಿಕೊಳ್ಳಿ.

ಸಂಧಿವಾತಕ್ಕೆ ತೂಕ ಇಳಿಸುವುದಕ್ಕಿಂತ ದೊಡ್ಡ ಮದ್ದು ಮನೆಯಲ್ಲಿಲ್ಲ. ಅಮೆರಿಕದಲ್ಲಿ 48 ಲ್ಯಾಬ್ರಡಾರ್ ನಾಯಿಗಳನ್ನು ಜೀವನಪೂರ್ತಿ ಗಮನಿಸಿದ ಅಧ್ಯಯನವೊಂದರಲ್ಲಿ, ಜೊತೆಯವುಗಳಿಗಿಂತ ಕಾಲು ಭಾಗ ಕಡಿಮೆ ಉಂಡ ನಾಯಿಗಳು ಸುಮಾರು 1.8 ವರ್ಷ ಹೆಚ್ಚು ಬದುಕಿದವು, ಅವುಗಳ ಕೀಲುಗಳೂ ತಡವಾಗಿ ಕೆಟ್ಟವು. ದಪ್ಪಗಿರುವ ನಾಯಿಯ ತೂಕ ನೂರಕ್ಕೆ ಆರೇಳು ಪಾಲು ಇಳಿದರೂ ಕುಂಟುವುದು ಕಣ್ಣಿಗೆ ಕಾಣುವಷ್ಟು ಕಡಿಮೆಯಾಗುತ್ತದೆ. ತೂಕ ಸರಿಯಿದೆಯೇ ಎಂದು ನೋಡಲು ನಿಮ್ಮ ಕೈಯೇ ಸಾಕು: ಅಂಗೈ ಕೆಳಗೆ ಮಾಡಿ ಕೈ ಚಾಚಿ, ಇನ್ನೊಂದು ಕೈಯ ಬೆರಳಿನಿಂದ ಹಿಂಗೈಯ ಮೂಳೆಗಳನ್ನು ಸವರಿ. ನಾಯಿಯ ಪಕ್ಕೆಲುಬು ಕೈಗೆ ಹಾಗೆ ಸಿಗಬೇಕು. ಮುಷ್ಟಿಯ ಗೆಣ್ಣುಗಳಂತೆ ಎದ್ದು ಕಂಡರೆ ಬಡಕಲು, ಅಂಗೈಯಂತೆ ಮೆತ್ತಗಿದ್ದರೆ ಬೊಜ್ಜು.

ನಮ್ಮ ಮನೆಗಳಲ್ಲಿ ನಾಯಿಗೆ ಬೊಜ್ಜು ಬರುವುದು ಮುದ್ದೆಯಿಂದ ಅಷ್ಟಾಗಿ ಅಲ್ಲ, ಊಟದಾಚೆಗೆ ಪ್ರತಿಯೊಬ್ಬರೂ ಪ್ರೀತಿಯಿಂದ ಹಾಕುವ ಬಿಸ್ಕತ್ತು, ಬನ್ನು, ತುಪ್ಪದನ್ನದಿಂದ. ದಿನದ ಆಹಾರವನ್ನು ಬೆಳಿಗ್ಗೆಯೇ ಒಂದು ಡಬ್ಬಿಗೆ ಅಳೆದು ಹಾಕಿಡಿ, ಯಾರು ಏನು ಕೊಡಬೇಕಿದ್ದರೂ ಅದರಿಂದಲೇ ಕೊಡಲಿ. ಮುದ್ದೆ, ಅನ್ನವನ್ನು ತಗ್ಗಿಸಿ, ಮೊಟ್ಟೆ, ಬೇಯಿಸಿದ ಕೋಳಿಮಾಂಸವನ್ನು ಉಳಿಸಿಕೊಳ್ಳಿ. ಸ್ನಾಯು ಕಟ್ಟಲು ಅದು ಬೇಕು. ವಾರಕ್ಕೆ ದೇಹತೂಕದ ನೂರಕ್ಕೆ ಒಂದೆರಡು ಪಾಲು ಇಳಿದರೆ ಸರಿಯಾದ ವೇಗ. ಮೀನೆಣ್ಣೆಯಿಂದ ಸಂಧಿವಾತಕ್ಕೆ ತಕ್ಕಮಟ್ಟಿನ ಪ್ರಯೋಜನವಿದೆ. ಕೀಲಿಗೆ ಒಳ್ಳೆಯದೆಂದು ಮಾರುವ ಗ್ಲುಕೋಸಮೈನ್ ಪುಡಿಗಳ ಬಗ್ಗೆ ಆಧಾರ ದುರ್ಬಲ, ಹಣ ಕಡಿಮೆಯಿದ್ದರೆ ಅದನ್ನು ಬಿಟ್ಟು ರಕ್ತ ಪರೀಕ್ಷೆ ಮಾಡಿಸಿ.

ಬೋನಿನ ವಿಶ್ರಾಂತಿ

ಡಿಸ್ಕ್ ತೊಂದರೆಗೆ ಶಸ್ತ್ರಚಿಕಿತ್ಸೆ ಇಲ್ಲವೆಂದಾದರೆ ನಾಲ್ಕರಿಂದ ಆರು ವಾರ ಕಟ್ಟುನಿಟ್ಟಿನ ವಿಶ್ರಾಂತಿ ಬೇಕು. ನಾಯಿ ಎದ್ದು ನಿಂತು, ತಿರುಗಿ, ಮಲಗುವಷ್ಟು ಮಾತ್ರ ಜಾಗವಿರುವ ಬೋನಿನಲ್ಲಿ ಇಡೀ ದಿನ ಇರಬೇಕು. ಮಲಮೂತ್ರಕ್ಕೆ ಮಾತ್ರ ಎತ್ತಿಕೊಂಡು ಹೋಗಿ, ಹೊಟ್ಟೆಗೆ ಟವೆಲ್ ಕೊಟ್ಟು ಹಿಡಿದು, ಮತ್ತೆ ತಂದಿಡಬೇಕು. ನೋವಿನ ಔಷಧದಿಂದ ಮೂರನೆಯ ದಿನಕ್ಕೇ ನಾಯಿ ಲವಲವಿಕೆಯಿಂದ ಕುಣಿಯತೊಡಗುತ್ತದೆ. ಬಹಳ ಮಂದಿ ತಪ್ಪುವುದು ಇಲ್ಲಿಯೇ. ಒಳಗೆ ಡಿಸ್ಕ್ ಇನ್ನೂ ಮಾಗಿರುವುದಿಲ್ಲ, ಒಂದು ನೆಗೆತ ಸಾಕು ಎಲ್ಲವೂ ಮೊದಲಿಗಿಂತ ಕೆಡಲು. ಚಿನ್ನಿ ಬೋನಿನ ಕಂಬಿಗೆ ಮೂತಿಯೊತ್ತಿ ಅಳುತ್ತಿದ್ದಾಗ ನಮ್ಮಮ್ಮ ಎರಡು ಸಲ ಬಾಗಿಲು ತೆಗೆಯಲು ಹೋಗಿದ್ದರು. ಕಡೆಗೆ ಬೋನನ್ನೇ ಅಡುಗೆಮನೆಯ ಬಾಗಿಲಿಗೆ ತಂದಿಟ್ಟೆವು, ಅಮ್ಮ ಕಣ್ಣೆದುರಿಗಿದ್ದರೆ ಅವಳು ಸುಮ್ಮನೆ ಮಲಗುತ್ತಿದ್ದಳು. ಎತ್ತುವಾಗ ಒಂದು ಕೈ ಎದೆಯ ಕೆಳಗೆ, ಇನ್ನೊಂದು ತೊಡೆಗಳ ಕೆಳಗೆ ಇದ್ದು ಬೆನ್ನು ಸಮತಟ್ಟಾಗಿರಬೇಕು. ಕಂಕುಳಿಗೆ ಕೈ ಹಾಕಿ ಮಗುವಿನಂತೆ ಎತ್ತಬಾರದು.

ಸಂಧಿವಾತದ ನಾಯಿಗೆ ಈ ವಿಶ್ರಾಂತಿ ಬೇಡ. ಅದಕ್ಕೆ ಚಲನೆಯೇ ಔಷಧ. ಭಾನುವಾರ ಒಂದೇ ಸಲ ನಂದಿಬೆಟ್ಟದ ತಪ್ಪಲಲ್ಲಿ ಎರಡು ಗಂಟೆ ಓಡಿಸುವುದಕ್ಕಿಂತ, ಪ್ರತಿದಿನ ಹತ್ತು ಹತ್ತು ನಿಮಿಷ ಮೂರು ಸಲ ಪಟ್ಟಿ ಹಿಡಿದು ನಿಧಾನ ನಡೆಸಿ. ಮಂಡಿಯ ಅಸ್ಥಿರಜ್ಜು ಹರಿದ ನಾಯಿ 15 ಕಿಲೋಗಿಂತ ಕಡಿಮೆ ತೂಕದ್ದಾದರೆ ವಿಶ್ರಾಂತಿ, ತೂಕ ಇಳಿಕೆ ಮತ್ತು ನಿಧಾನ ವ್ಯಾಯಾಮದಿಂದ ಎಷ್ಟೋ ಸಲ ಸುಧಾರಿಸುತ್ತದೆ. ದೊಡ್ಡ ನಾಯಿಗೆ ಶಸ್ತ್ರಚಿಕಿತ್ಸೆಯೇ ಮೇಲು.

ಕೈಯಿಂದ ಮಾಡುವ ಆರೈಕೆ

ಪೆಟ್ಟು ಅಥವಾ ಊತದ ಮೊದಲ ಎರಡು ಮೂರು ದಿನ ತಂಪು, ಹಳೆಯ ಬಿಗಿತಕ್ಕೆ ಶಾಖ. ಎರಡೂ ಬಟ್ಟೆಯ ಮೂಲಕ, 10ರಿಂದ 15 ನಿಮಿಷ ಮಾತ್ರ. ಶಾಖದ ಚೀಲವನ್ನು ಮೊದಲು ನಿಮ್ಮ ಮಣಿಕಟ್ಟಿನ ಒಳಭಾಗಕ್ಕೆ ಒತ್ತಿ ನೋಡಿ, ಏಕೆಂದರೆ ಸ್ಪರ್ಶವಿಲ್ಲದ ಕಾಲು ಸುಟ್ಟರೂ ನಾಯಿ ಹೇಳುವುದಿಲ್ಲ. ಡಿಸೆಂಬರ್ ಜನವರಿಯ ನಮ್ಮ ಬೆಳಗುಗಳಲ್ಲಿ ಮುದಿ ನಾಯಿ ಏಳಲಾಗದೆ ನರಳುತ್ತದೆ. ನಡೆಸುವ ಮುನ್ನ ಸೊಂಟಕ್ಕೆ ಹತ್ತು ನಿಮಿಷ ಶಾಖ ಕೊಡಿ.

ಅನಂತರ ಕೀಲುಗಳನ್ನು ಆಡಿಸುವುದು. ಡಿಸ್ಕ್ ತೊಂದರೆಯಲ್ಲಿ ಇದನ್ನು ಯಾವ ದಿನದಿಂದ ಶುರು ಮಾಡಬೇಕೆಂದು ವೈದ್ಯರನ್ನು ಕೇಳಿಯೇ ಹೊರಡಿ. ನಾಯಿಯನ್ನು ದಪ್ಪ ಕಂಬಳಿಯ ಮೇಲೆ ಪಕ್ಕಕ್ಕೆ ಮಲಗಿಸಿ, ಕಾಲಿನ ಬೆರಳುಗಳಿಂದ ಸೊಂಟದ ಕಡೆಗೆ ಅಂಗೈಯಿಂದ ಎರಡು ಮೂರು ನಿಮಿಷ ನೀವಿ. ಒಂದು ಕೈಯಿಂದ ಕೀಲಿನ ಮೇಲ್ಭಾಗವನ್ನು ಆಧರಿಸಿ, ಇನ್ನೊಂದರಿಂದ ಕೆಳಭಾಗವನ್ನು ಹಿಡಿದು, ನೋಯದಷ್ಟೇ ದೂರ ಮಡಚಿ, ಬಿಚ್ಚಿ. ಮೊದಲು ಬೆರಳುಗಳು, ಆಮೇಲೆ ಹಿಮ್ಮಡಿಯ ಕೀಲು, ಮಂಡಿ, ಕಡೆಗೆ ಸೊಂಟ, ಪ್ರತಿಯೊಂದಕ್ಕೂ 10ರಿಂದ 15 ಸಲ. ಕೊನೆಯಲ್ಲಿ ಇಡೀ ಕಾಲನ್ನು ಸೈಕಲ್ ತುಳಿದಂತೆ ಹತ್ತು ಸುತ್ತು ತಿರುಗಿಸಿ. ನಾಯಿ ಉಸಿರು ಬಿಗಿಹಿಡಿದರೆ, ತುಟಿ ನೆಕ್ಕಿಕೊಂಡರೆ, ನಿಮ್ಮ ಕೈಯತ್ತ ಮೂತಿ ತಿರುಗಿಸಿದರೆ ನೀವು ಮಿತಿ ದಾಟಿದ್ದೀರಿ. ಮೂರನೆಯ ವಾರ ಚಿನ್ನಿಯ ಬಲಪಾದದ ಬೆರಳುಗಳ ನಡುವೆ ನಾನು ಕೆರೆಯುತ್ತಿದ್ದಾಗ ಅವಳ ಕಿರುಬೆರಳು ಒಂದೇ ಒಂದು ಸಲ ಅಗಲಿ ನನ್ನ ಹೆಬ್ಬೆರಳನ್ನು ಒತ್ತಿತು. ಅಂಥ ಚಿಕ್ಕ ಚಲನೆಯನ್ನು ಗುರುತಿಸಲು ಮಾಡುವವರು ಪ್ರತಿದಿನ ಒಬ್ಬರೇ ಆಗಿರುವುದು ಒಳ್ಳೆಯದು.

ವೈದ್ಯರು ನಡಿಗೆಗೆ ಒಪ್ಪಿದ ಮೇಲೆ ನಿಲ್ಲಿಸುವುದರಿಂದ ಆರಂಭಿಸಿ. ಹೊಟ್ಟೆಯ ಕೆಳಗೆ ಟವೆಲ್ ಕೊಟ್ಟು, ನಾಲ್ಕೂ ಪಾದಗಳನ್ನು ಸರಿಯಾಗಿ ಊರಿಸಿ, ಸೊಂಟವನ್ನು ಎಡಕ್ಕೂ ಬಲಕ್ಕೂ ತೊಟ್ಟಿಲಿನಂತೆ ಮೆಲ್ಲಗೆ ತೂಗಿ. ತನ್ನ ತೂಕವನ್ನು ತಾನೇ ಹಿಡಿಯಲು ಸ್ನಾಯುಗಳು ಆಗ ಕಲಿಯುತ್ತವೆ. ಮುಂದಿನದು ಕುಳಿತು ಏಳುವ ವ್ಯಾಯಾಮ: ನಾಯಿಯನ್ನು ಗೋಡೆಯ ಮೂಲೆಗೆ ಒತ್ತಿ ಕೂರಿಸಿದರೆ ಕಾಲು ಹೊರಗೆ ಚಾಚಿಕೊಳ್ಳುವುದಿಲ್ಲ, ಮೂಗಿನ ಮುಂದೆ ತಿನಿಸು ತೋರಿಸಿ ಏಳಿಸಿ, ಐದರಿಂದ ಹತ್ತು ಸಲ.

ಕಾಲೆತ್ತಿ ಹಾಕುವುದನ್ನು ಕಲಿಸಲು ನಮ್ಮೂರಿನಲ್ಲಿ ಒಳ್ಳೆಯ ಸಾಮಗ್ರಿಯಿದೆ. ರೇಷ್ಮೆಹುಳು ಸೊಪ್ಪು ತಿಂದು ಬಿಟ್ಟ ಹಿಪ್ಪುನೇರಳೆ ಕಡ್ಡಿಗಳನ್ನು ನೇರವಾದವು ನೋಡಿ ಆರಿಸಿ, ಸಿಪ್ಪೆ ಹೆರೆದು, ನಾಯಿಯ ಒಂದು ಹೆಜ್ಜೆಯಷ್ಟು ಅಂತರದಲ್ಲಿ ಐದಾರು ಕಡ್ಡಿಗಳನ್ನು ಮೊದಲು ನೆಲದ ಮೇಲೆಯೇ ಇಡಿ. ವಾರದ ನಂತರ ತುದಿಗಳನ್ನು ಮಲಗಿಸಿದ ಇಟ್ಟಿಗೆಯ ಮೇಲಿಟ್ಟು ಎತ್ತರಿಸಿ. ಕಡ್ಡಿ ಹಗುರವಾದ್ದರಿಂದ ಕಾಲು ತಗುಲಿದರೆ ಉರುಳಿ ಬೀಳುತ್ತದೆ, ಪೆಟ್ಟಾಗುವುದಿಲ್ಲ, ಬಿದ್ದ ಸದ್ದಿನಿಂದ ನಾಯಿಯ ಗಮನವೂ ಕಾಲಿನ ಕಡೆಗೆ ಹೋಗುತ್ತದೆ. ಪಟ್ಟಿ ಹಿಡಿದು ಬಹಳ ನಿಧಾನವಾಗಿ ನಡೆಸಬೇಕು. ಓಡಿದರೆ ನಾಯಿ ಮುಂಗಾಲಿನಿಂದಲೇ ದಾಟಿಬಿಡುತ್ತದೆ. ಬೇಸಿಗೆಯಲ್ಲಿ ಇದೆಲ್ಲ ಬೆಳಿಗ್ಗೆ ಎಂಟರೊಳಗೆ ಮುಗಿಯಲಿ.

ನೀರಿನ ವ್ಯಾಯಾಮ ಕೀಲಿಗೆ ಹಿತ. ಸೊಂಟದವರೆಗೆ ನೀರಿದ್ದರೆ ಕಾಲುಗಳ ಮೇಲೆ ಬೀಳುವುದು ದೇಹತೂಕದ ನೂರಕ್ಕೆ 38 ಪಾಲು ಮಾತ್ರ. ಮಂಡಿಯವರೆಗೆ ಮಾತ್ರ ಇದ್ದರೆ 85 ಪಾಲು ಬೀಳುತ್ತದೆ. ಚಿಕ್ಕ ನಾಯಿಗೆ ತೊಟ್ಟಿಯಲ್ಲಿ ರಬ್ಬರ್ ಮ್ಯಾಟ್ ಹಾಸಿ ಉಗುರುಬೆಚ್ಚಗಿನ ನೀರು ತುಂಬಿದರೆ ಸಾಕು. ಪ್ಲಾಸ್ಟಿಕ್ ಹಾಸಿದ ಕೃಷಿಹೊಂಡಕ್ಕೆ ಎಂದಿಗೂ ಇಳಿಸಬೇಡಿ: ಅದರ ಅಂಚಿನಲ್ಲಿ ಗಟ್ಟಿಮುಟ್ಟಾದ ನಾಯಿಯೇ ಹತ್ತಲಾಗದೆ ಮುಳುಗುತ್ತದೆ.

ಮೂತ್ರ ಮತ್ತು ಹಾಸಿಗೆ ಹುಣ್ಣು

ಏಳಲಾಗದ ನಾಯಿಯ ಪ್ರಾಣಕ್ಕೆ ಸಂಚಕಾರ ಬರುವುದು ಕಾಲಿನಿಂದಲ್ಲ, ಮೂತ್ರದ ಸೋಂಕು ಮತ್ತು ಹಾಸಿಗೆ ಹುಣ್ಣಿನಿಂದ. ಹಾಸಿಗೆ ಒದ್ದೆಯಾಗಿದೆ ಎಂದರೆ ಮೂತ್ರ ಮಾಡಿದೆ ಎಂದು ತಿಳಿಯಬೇಡಿ. ತುಂಬಿದ ಮೂತ್ರಕೋಶ ಉಕ್ಕಿ ಹನಿಯುತ್ತಿರಬಹುದು. ಹೊಟ್ಟೆಯ ಹಿಂಭಾಗದಲ್ಲಿ ನೀರು ತುಂಬಿದ ಬಲೂನಿನಂತೆ ಕೈಗೆ ಸಿಕ್ಕರೆ ಖಾಲಿ ಮಾಡಿಸಬೇಕು. ಎರಡೂ ಅಂಗೈಗಳನ್ನು ಹೊಟ್ಟೆಯ ಎರಡು ಬದಿಗೆ ಚಪ್ಪಟೆಯಾಗಿಟ್ಟು, ಮೆಲ್ಲಗೆ, ಒಂದೇ ಸಮನಾಗಿ, ಬಾಲದ ಕಡೆಗೆ ಒತ್ತುವ ಈ ಕ್ರಮವನ್ನು ವೈದ್ಯರ ಎದುರಿಗೇ ಮಾಡಿ ಕಲಿಯಿರಿ; ದಿನಕ್ಕೆ ಮೂರು ನಾಲ್ಕು ಸಲ ಬೇಕಾಗುತ್ತದೆ. ಮೂತ್ರ ಗಬ್ಬು ನಾತ ಬಂದರೆ, ಕದಡಿದ್ದರೆ, ರಕ್ತ ಕಂಡರೆ ಪರೀಕ್ಷೆಗೆ ಕೊಡಿ. ನಾಲ್ಕು ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ಮೊಣಕೈ, ಸೊಂಟದ ಮೂಳೆಯ ಮೇಲಿನ ಚರ್ಮ ಕೆಂಪಾಗಿದೆಯೇ ಎಂದು ದಿನವೂ ನೋಡಿ, ಒದ್ದೆಯಾದ ಕೂದಲನ್ನು ತೊಳೆದು ಪೂರ್ತಿ ಒಣಗಿಸಿ.

ಗಾಲಿಗಾಡಿ ಮತ್ತು ಇತರ ಚಿಕಿತ್ಸೆಗಳು

ಹಿಂಗಾಲು ಮರಳಿ ಬರದ ನಾಯಿಗೆ ಗಾಲಿಗಾಡಿ ನಿಜವಾದ ಬದುಕನ್ನು ಕೊಡುತ್ತದೆ. ಪಿ.ವಿ.ಸಿ. ಪೈಪು ಮತ್ತು ಎರಡು ಚಕ್ರಗಳಿಂದ ಊರಿನಲ್ಲೇ ಮಾಡಿಸಬಹುದು. ಗಾಡಿಯಲ್ಲಿ ನಿಂತಾಗ ಬೆನ್ನು ನೆಲಕ್ಕೆ ಸಮಾನಾಂತರವಾಗಿರಬೇಕು, ತೊಡೆಸಂದಿಯ ಪಟ್ಟಿ ಉಜ್ಜದಂತೆ ಮೆತ್ತೆ ಇರಬೇಕು. ಮೊದಲ ವಾರ ಐದು ಹತ್ತು ನಿಮಿಷ ಸಾಕು, ಮಲಗಲು ಬಾರದ ಕಾರಣ ಅದರಲ್ಲಿ ಒಂಟಿಯಾಗಿ ಬಿಡಬಾರದು. ಡಿಸ್ಕ್ ಜಾರಿದ ಮೊದಲ ವಾರಗಳಲ್ಲಿ ಗಾಡಿ ಬೇಡ.

ಲೇಸರ್, ಅಕ್ಯುಪಂಕ್ಚರ್, ವಿದ್ಯುತ್ ಪ್ರಚೋದನೆ ಕೆಲವು ನಾಯಿಗಳಿಗೆ ನೆರವಾಗುತ್ತವೆ, ಆಧಾರ ಮಿಶ್ರವಾಗಿದೆ. ಹೋಗುವುದಾದರೆ ಆರು ಸಲದ ನಂತರ ಯಾವ ಬದಲಾವಣೆಯನ್ನು ಅಳೆಯುತ್ತೀರಿ ಎಂದು ಮೊದಲೇ ಕೇಳಿಕೊಳ್ಳಿ. ಬೆಂಗಳೂರಿಗೆ ಹೋಗಿಬರುವ ದಾರಿಯ ಆಯಾಸವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಪ್ರತಿ ಭಾನುವಾರ ಅದೇ ಜಾಗದಲ್ಲಿ, ಪಕ್ಕದಿಂದಲೂ ಹಿಂದಿನಿಂದಲೂ, ಫೋನಿನಲ್ಲಿ ಅರ್ಧ ನಿಮಿಷದ ವಿಡಿಯೊ ಮಾಡಿಡಿ. ದಿನವೂ ನೋಡುವ ಕಣ್ಣಿಗೆ ಸುಧಾರಣೆಯೂ ತಿಳಿಯದು, ಕುಸಿತವೂ ತಿಳಿಯದು. ವ್ಯಾಯಾಮದ ಮರುದಿನ ಬಿಗಿತ ಹೆಚ್ಚಿದ್ದರೆ ಅರ್ಧಕ್ಕೆ ಇಳಿಸಿ. ಹಾಗೇನೂ ಇಲ್ಲದಿದ್ದರೆ ವಾರಕ್ಕೆ ಹತ್ತನೆಯ ಒಂದು ಪಾಲು ಮಾತ್ರ ಏರಿಸಿ.

ಚಿನ್ನಿ ಹದಿನಾಲ್ಕನೆಯ ವಾರದ ವಿಡಿಯೊದಲ್ಲಿ ಆರು ಕಡ್ಡಿಗಳಲ್ಲಿ ಐದನ್ನು ಬೀಳಿಸದೆ ದಾಟಿದಳು. ಈಗಲೂ ತಿರುಗುವಾಗ ಸೊಂಟ ಸ್ವಲ್ಪ ವಾಲುತ್ತದೆ. ಡಿಸ್ಕ್ ಮತ್ತೆ ಜಾರುವ ಸಾಧ್ಯತೆ ಇದ್ದೇ ಇರುವುದರಿಂದ ಕುತ್ತಿಗೆಪಟ್ಟಿ ಬಿಟ್ಟು ಎದೆಪಟ್ಟಿ ಹಾಕುತ್ತೇವೆ, ಗೋಣಿಯ ದಾರಿ ನಡುಮನೆಯಲ್ಲಿ ಹಾಗೆಯೇ ಇದೆ, ಮಡಚಿದ ಬೋನು ಬಾಗಿಲ ಹಿಂದಿದೆ. ಉಗುರು ಗೀರುವ ಸದ್ದು ಕೇಳಿಸಿದ ದಿನವೇ ಅದನ್ನು ಬಿಚ್ಚಿ ಅಡುಗೆಮನೆಯ ಬಾಗಿಲಿಗೆ ಇಡುವುದೆಂದು ಮನೆಯವರೆಲ್ಲರಿಗೂ ಗೊತ್ತಿದೆ.